ಸೆರೆಮನೆಯ ಭದ್ರತೆಗೆ ಸ್ವದೇಶಿ ಉಪಕರಣ: ಖರೀದಿ ನಿಯಮಗಳು ಹೇಳುವುದೇನು?

ಮಂಗಳೂರಿನ ಕೊಡಿಯಾಲಬೈಲಿನಲ್ಲಿರುವ ಜಿಲ್ಲಾ ಕಾರಾಗೃಹವು ನಗರದ ಹೃದಯಭಾಗದಲ್ಲಿಯೇ ಇದೆ. ಒಂದು ಬದಿಯಲ್ಲಿ ನ್ಯಾಯಾಲಯಗಳ ಸಮುಚ್ಚಯ, ಸುತ್ತಮುತ್ತ ವಸತಿ ಸಮುಚ್ಚಯಗಳು, ಅಂಗಡಿಮುಂಗಟ್ಟುಗಳು, ಕಚೇರಿಗಳು. 2025ರ ಮಾರ್ಚ್ ತಿಂಗಳಲ್ಲಿ ಈ ಕಾರಾಗೃಹದಲ್ಲಿ ಹೊಸ ತಲೆಮಾರಿನ ಮೊಬೈಲ್ ಜಾಮರ್ ಕಾರ್ಯಾರಂಭ ಮಾಡಿದಾಗ ಮೊದಲು ತೊಂದರೆ ಅನುಭವಿಸಿದವರಲ್ಲಿ ಗೋಡೆಯ ಹೊರಗಿನ ವರ್ತಕರೂ ಸೇರಿದ್ದರು. ಕರೆಗಳು ಅರ್ಧಕ್ಕೇ ಕಡಿದುಹೋದವು. ಯುಪಿಐ ಮೂಲಕ ಹಣ ಪಡೆಯುವುದು ದುಸ್ತರವಾಯಿತು. ಗಿರಾಕಿಗಳು ಕ್ಯೂಆರ್ ಫಲಕದ ಮುಂದೆ ಮೊಬೈಲ್ ಹಿಡಿದು ಕಾಯುವಂತಾಯಿತು. ನಿವಾಸಿಗಳೂ ವಕೀಲರೂ ವರ್ತಕರೂ ದನಿಯೆತ್ತಿ, ವಿಷಯವು ಪ್ರತಿಭಟನೆಯವರೆಗೂ ಹೋಯಿತು.

ಜಾಮರಿನ ಅಗತ್ಯವೇ ಇರಲಿಲ್ಲವೆಂದು ಹೇಳುವಂತೆಯೂ ಇಲ್ಲ. 2015ರ ನವೆಂಬರ್‌ನಲ್ಲಿ ಇದೇ ಕಾರಾಗೃಹದೊಳಗೆ ಇಬ್ಬರು ಕೈದಿಗಳ ಹತ್ಯೆ ನಡೆದಿತ್ತು. 2024ರ ಜುಲೈ ತಿಂಗಳಲ್ಲಿ ನಗರ ಪೊಲೀಸರು ಬೆಳಗಿನ ಜಾವ ನಡೆಸಿದ ತಪಾಸಣೆಯಲ್ಲಿ 25 ಮೊಬೈಲ್ ಫೋನುಗಳು, ಚಾರ್ಜರುಗಳು, ಇಯರ್‌ಫೋನುಗಳು ಹಾಗೂ ಗಾಂಜಾ ಪೊಟ್ಟಣಗಳು ದೊರೆತಿದ್ದವು. ರಸ್ತೆಯ ಕಡೆಯಿಂದ ಗೋಡೆಯ ಮೇಲೆ ಪೊಟ್ಟಣಗಳನ್ನು ಒಳಕ್ಕೆಸೆಯುವ ಘಟನೆಗಳು ಪದೇ ಪದೇ ವರದಿಯಾಗಿವೆ. ಹೀಗಿರುವಾಗ ಕಾರಾಗೃಹಕ್ಕೆ ಯಾವ ಉಪಕರಣ ಬೇಕು, ಅದನ್ನು ಯಾರು ತಯಾರಿಸಬೇಕು, ಯಾವ ನಿಯಮದಡಿ ಕೊಳ್ಳಬೇಕು ಎಂಬ ಪ್ರಶ್ನೆಗಳು ಕೇವಲ ಇಲಾಖೆಯ ಕಡತಕ್ಕೆ ಸೇರಿದವಲ್ಲ. ಬೈಕಂಪಾಡಿ, ಯೆಯ್ಯಾಡಿ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ದಿಮೆದಾರರಿಗೂ ಸಿಸಿಟಿವಿ ಹಾಗೂ ಎಲೆಕ್ಟ್ರಾನಿಕ್ ಸಾಮಗ್ರಿಗಳ ವ್ಯಾಪಾರಿಗಳಿಗೂ ಈ ನಿಯಮಗಳ ಪರಿಚಯ ಅವಶ್ಯ. ಮೆಟಲ್ ಡಿಟೆಕ್ಟರ್ ಆಗಲಿ, ಕ್ಯಾಮರಾ ಆಗಲಿ, ಇಂದು ಸೆರೆಮನೆಗೆ ಅನ್ವಯಿಸುವ ನಿಯಮವೇ ಬಹುಮಟ್ಟಿಗೆ ನಾಳೆ ಬಂದರು, ವಿಮಾನ ನಿಲ್ದಾಣ, ತೈಲ ಶುದ್ಧೀಕರಣಾಗಾರಗಳಿಗೂ ಅನ್ವಯಿಸುತ್ತದೆ.

ಜಾಮರ್: ಮುಕ್ತ ಮಾರುಕಟ್ಟೆಯ ಸರಕಲ್ಲ

ಮೊದಲಿಗೆ ಜಾಮರಿನ ವಿಚಾರವನ್ನೇ ತೆಗೆದುಕೊಳ್ಳಬಹುದು. ಇದನ್ನು ಅಂಗಡಿಯಲ್ಲಿಟ್ಟು ಮಾರುವಂತಿಲ್ಲ. ಖಾಸಗಿಯವರು ಕೊಳ್ಳುವಂತೆಯೂ ಬಳಸುವಂತೆಯೂ ಇಲ್ಲ. ದೂರಸಂಪರ್ಕ ಇಲಾಖೆಯು 2022ರಲ್ಲಿ ಇದನ್ನು ಸಾರ್ವಜನಿಕರಿಗೂ ಅಂತರಜಾಲ ಮಾರಾಟ ಸಂಸ್ಥೆಗಳಿಗೂ ಪುನಃ ಸ್ಪಷ್ಟಪಡಿಸಿತು. ರಾಜ್ಯಗಳ ಪೊಲೀಸ್ ಹಾಗೂ ಕಾರಾಗೃಹ ಇಲಾಖೆಗಳು ಜಾಮರ್ ಖರೀದಿಸಬೇಕಾದರೆ ಕೇಂದ್ರ ಸಂಪುಟ ಸಚಿವಾಲಯದ ಭದ್ರತಾ ಕಾರ್ಯದರ್ಶಿಯವರ ಅನುಮತಿ ಪಡೆಯತಕ್ಕದ್ದು. ಪೂರೈಕೆಯೂ ಹೈದರಾಬಾದಿನ ಇಸಿಐಎಲ್, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಮುಂತಾದ ಸಾರ್ವಜನಿಕ ರಂಗದ ಸಂಸ್ಥೆಗಳ ಮೂಲಕವೇ ನಡೆಯುವ ವ್ಯವಸ್ಥೆ. ಅಂದರೆ ಈ ಒಂದು ಉಪಕರಣದ ಮಟ್ಟಿಗೆ 'ಸ್ವದೇಶಿ' ಎಂಬುದು ಆದ್ಯತೆಯ ಪ್ರಶ್ನೆಯಾಗಿರದೆ ಮೊದಲಿನಿಂದಲೂ ಕಡ್ಡಾಯವೇ ಆಗಿದೆ.

ಹಾಗಿದ್ದೂ ಕೊಡಿಯಾಲಬೈಲಿನ ಅನುಭವ ಸುಖಕರವಾಗಿರಲಿಲ್ಲ. ಕಾರಣ ಸರಳ. 2ಜಿ, 3ಜಿ ಕಾಲದಲ್ಲಿ ಅಳವಡಿಸಿದ ಜಾಮರುಗಳು 4ಜಿ ಬಂದೊಡನೆ ಬಹುಮಟ್ಟಿಗೆ ನಿರುಪಯುಕ್ತವಾದವು. 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ 5ಜಿ ಸೇವೆ ಆರಂಭವಾದ ಮೇಲೆ ತಡೆಯಬೇಕಾದ ತರಂಗಾಂತರಗಳ ಪಟ್ಟಿ ಇನ್ನಷ್ಟು ಉದ್ದವಾಯಿತು. ಪ್ರತಿಯೊಂದು ತರಂಗಾಂತರಕ್ಕೂ ಗೋಪುರದಿಂದ ಬರುವ ಸಂಕೇತಕ್ಕಿಂತ ಬಲವಾದ ಸಂಕೇತವನ್ನು ಜಾಮರು ಹೊರಸೂಸಬೇಕು. ಗೋಪುರ ಹತ್ತಿರವಿದ್ದಷ್ಟೂ ಜಾಮರಿನ ಶಕ್ತಿ ಹೆಚ್ಚಬೇಕು. ಶಕ್ತಿ ಹೆಚ್ಚಿದಷ್ಟೂ ಅದು ಗೋಡೆ ದಾಟುತ್ತದೆ. ಊರ ಹೊರಗಿನ ವಿಶಾಲ ಆವರಣದ ಸೆರೆಮನೆಯಲ್ಲಿ ಇದು ಸಹ್ಯವಾದೀತು. ಗೋಡೆಗೆ ಅಂಗಡಿ ಆತುಕೊಂಡಿರುವ ಕೊಡಿಯಾಲಬೈಲಿನಲ್ಲಿ ಅಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರದ ಸುತ್ತಲಿನ ನಿವಾಸಿಗಳೂ ಇದೇ ಬಗೆಯ ದೂರನ್ನು ಹೇಳಿದವರೇ. ಖರೀದಿಯ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ತೊಡಕು ಸರಕಿನ ಮೂಲದ್ದಲ್ಲ, ತಾಂತ್ರಿಕ ವಿವರಣೆಯದ್ದು. ಎಷ್ಟು ಶಕ್ತಿ, ಯಾವ ದಿಕ್ಕಿಗೆ, ಗೋಡೆಯಿಂದ ಎಷ್ಟು ಮೀಟರಿನೊಳಗೆ ನಿಲ್ಲಬೇಕು, ಅಳವಡಿಸಿದ ಮೇಲೆ ಹೊರಗೆ ನಿಂತು ಅಳೆದು ನೋಡುವವರು ಯಾರು ಎಂಬುದು ಆದೇಶಪತ್ರದಲ್ಲಿಯೇ ನಮೂದಾಗದಿದ್ದರೆ ಆಮೇಲೆ ಪ್ರತಿಭಟನೆಯಲ್ಲಿ ನಮೂದಾಗುತ್ತದೆ.

ಸ್ಥಳದ ಇಕ್ಕಟ್ಟಿಗೆ ಶಾಶ್ವತ ಪರಿಹಾರವೆಂದರೆ ಸ್ಥಳಾಂತರವೇ. ಮುಡಿಪು ಸಮೀಪ ಹೊಸ ಜಿಲ್ಲಾ ಕಾರಾಗೃಹದ ಯೋಜನೆ ಕೈಗೆತ್ತಿಕೊಂಡು ವರ್ಷಗಳೇ ಸಂದಿವೆ. ಹೊಸ ಕಾರಾಗೃಹವೆಂದರೆ ಹೊಸ ಉಪಕರಣಗಳ ಖರೀದಿಯೂ ಹೌದು. ಸ್ಥಳೀಯ ಉದ್ದಿಮೆದಾರರು ಗಮನವಿಡಬೇಕಾದದ್ದು ಅಲ್ಲಿ.

ಎರಡು ನಿಯಮಾವಳಿಗಳು, ಒಂದು ಕಾರಾಗೃಹ

ಕಾರಾಗೃಹವು ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯ. ಆದಕಾರಣ ಕರ್ನಾಟಕದ ಕಾರಾಗೃಹ ಇಲಾಖೆಯ ಖರೀದಿಗೆ ಮೂಲತಃ ಅನ್ವಯಿಸುವುದು ರಾಜ್ಯದ್ದೇ ಆದ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ವ್ಯವಹಾರದಲ್ಲಿ ಎಲ್ಲರೂ ಕೆಟಿಪಿಪಿ ಎಂದೇ ಕರೆಯುವ ಈ ಕಾನೂನು 2000ದ ಅಕ್ಟೋಬರ್ 4ರಿಂದ ಜಾರಿಯಲ್ಲಿದೆ. ನಿಗದಿತ ಮಿತಿಗಿಂತ ಮೇಲಿನ ಯಾವುದೇ ಖರೀದಿಯನ್ನೂ ಟೆಂಡರು ಕರೆಯದೆ ಮಾಡಬಾರದೆಂಬುದು ಅದರ ತಿರುಳು. 2007ರಿಂದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣ, 2022ರಿಂದ ಕೆಪಿಪಿಪಿ ಎಂಬ ಹೊಸ ಜಾಲತಾಣ ಇದರ ವಾಹಕಗಳಾಗಿವೆ.

ಈ ಅಧಿನಿಯಮದ 4ನೇ ಪ್ರಕರಣದಲ್ಲಿ ವಿನಾಯಿತಿಗಳಿವೆ. ಸರಕು ಒಬ್ಬನೇ ಪೂರೈಕೆದಾರನಲ್ಲಿ ಮಾತ್ರ ದೊರೆಯುವಂತಿದ್ದು ಪರ್ಯಾಯವೇ ಇಲ್ಲವಾದರೆ 4(ಬಿ). ಸರಕಾರವು ಕಾಲಕಾಲಕ್ಕೆ ಅಧಿಸೂಚನೆ ಹೊರಡಿಸಿ ನೀಡುವ ವಿನಾಯಿತಿಗೆ 4(ಜಿ). ಗುತ್ತಿಗೆದಾರ ವಲಯದಲ್ಲಿ '4 ಜಿ' ಎಂದರೆ ಇಂದಿಗೂ ಮೊಬೈಲ್ ಸೇವೆಗಿಂತ ಮೊದಲು ನೆನಪಾಗುವುದು ಈ ಪ್ರಕರಣವೇ. ಇಲಾಖೆಗಳು ಎಲೆಕ್ಟ್ರಾನಿಕ್ ಉಪಕರಣಗಳನ್ನು ಕಿಯೋನಿಕ್ಸ್‌ನಂತಹ ಸರಕಾರಿ ನಿಗಮದ ಮೂಲಕ ನೇರವಾಗಿ ಪಡೆಯಲು ಈ ವಿನಾಯಿತಿಯನ್ನು ಬಳಸಿಕೊಂಡ ಸಂದರ್ಭಗಳಿವೆ. ನಿಗಮವು ಮತ್ತೆ ತನ್ನ ಪಟ್ಟಿಯಲ್ಲಿರುವ ಸಣ್ಣ ವರ್ತಕರಿಂದಲೇ ಸರಕು ತರಿಸಿಕೊಡುವುದರಿಂದ, ಟೆಂಡರಿನ ಬಾಗಿಲು ಮುಚ್ಚಿದರೂ ಸಣ್ಣವರಿಗೆ ಹಿಂಬಾಗಿಲು ತೆರೆದೇ ಇರುತ್ತದೆ ಎಂಬ ವಾದವುಂಟು. ಆದರೆ ಆ ಹಾದಿಯಲ್ಲಿ ಹಣ ಕೈಸೇರುವ ಬಗೆ ಬೇರೆ. ಹಾಗೆ ಪೂರೈಸಿದ ವರ್ತಕರು ತಮ್ಮ ಬಾಕಿಗಾಗಿ 2025ರ ಆರಂಭದಲ್ಲಿ ಬಹಿರಂಗವಾಗಿ ಅಳಲು ತೋಡಿಕೊಂಡದ್ದು ರಾಜ್ಯಕ್ಕೇ ತಿಳಿದಿದೆ.

ಇನ್ನೊಂದೆಡೆ ಕೇಂದ್ರದ ನಿಯಮಗಳು: 2017ರ ಸಾಮಾನ್ಯ ಹಣಕಾಸು ನಿಯಮಾವಳಿ, ಅದೇ ವರ್ಷದ ಜೂನ್ 15ರಂದು ಹೊರಟ 'ಮೇಕ್ ಇನ್ ಇಂಡಿಯಾ' ಖರೀದಿ ಆದ್ಯತಾ ಆದೇಶ, ಹಾಗೂ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗಾಗಿ 2012ರಲ್ಲಿ ಹೊರಟ ಖರೀದಿ ನೀತಿ. ಇವು ಕೇಂದ್ರದ ಸಚಿವಾಲಯಗಳಿಗೂ ಉದ್ಯಮಗಳಿಗೂ ಅನ್ವಯಿಸುವಂಥವು. ರಾಜ್ಯವು ಸ್ವಂತ ಬೊಕ್ಕಸದ ಹಣದಿಂದ ಕೊಳ್ಳುವಾಗ ನೇರವಾಗಿ ಅನ್ವಯಿಸವು. ಆದರೆ ಹಣ ಕೇಂದ್ರದ್ದಾದರೆ ಮಾತು ಬದಲಾಗುತ್ತದೆ. ಮೇಕ್ ಇನ್ ಇಂಡಿಯಾ ಆದೇಶದ 2020ರ ಪರಿಷ್ಕರಣೆಯಂತೆ, ಕೇಂದ್ರವು ಪೂರ್ಣವಾಗಿಯೋ ಭಾಗಶಃವಾಗಿಯೋ ಹಣ ನೀಡುವ ಯೋಜನೆಗಳಡಿ ರಾಜ್ಯಗಳು ಮಾಡುವ ಖರೀದಿಗೂ ಅದು ಅನ್ವಯಿಸುತ್ತದೆ. ಕಾರಾಗೃಹಗಳ ಆಧುನೀಕರಣಕ್ಕಾಗಿ ಕೇಂದ್ರ ಗೃಹ ಸಚಿವಾಲಯವು 2021-22ರಿಂದ 2025-26ರ ಅವಧಿಗೆ 950 ಕೋಟಿ ರೂಪಾಯಿಗಳ ಯೋಜನೆ ರೂಪಿಸಿತು. ಬಾಗಿಲು ಚೌಕಟ್ಟಿನ ಮೆಟಲ್ ಡಿಟೆಕ್ಟರ್, ಬ್ಯಾಗೇಜ್ ಸ್ಕ್ಯಾನರ್, ಮೊಬೈಲ್ ತಡೆ ವ್ಯವಸ್ಥೆ ಮೊದಲಾದವು ಅದರಡಿ ಬರುವ ಸಾಮಗ್ರಿಗಳು. ಹೀಗಾಗಿ ಒಂದೇ ಕಾರಾಗೃಹದ ಒಂದೇ ಹೆಬ್ಬಾಗಿಲಿನಲ್ಲಿ ಅಕ್ಕಪಕ್ಕ ನಿಂತ ಎರಡು ಯಂತ್ರಗಳು ಎರಡು ಬೇರೆ ಬೇರೆ ನಿಯಮಗಳಡಿ ಬಂದಿರುವುದು ಸಾಧ್ಯ. ಟೆಂಡರು ಪ್ರಕಟಣೆ ಕಂಡೊಡನೆ ದರ ಲೆಕ್ಕ ಹಾಕಲು ಕೂರುವ ಮೊದಲು, ಇದು ಯಾವ ಲೆಕ್ಕಶೀರ್ಷಿಕೆಯ ಹಣ ಎಂದು ವಿಚಾರಿಸಿಕೊಳ್ಳುವುದು ಲೇಸು.

ಎಷ್ಟು ಸ್ವದೇಶಿಯಾದರೆ ಸ್ವದೇಶಿ?

ಮೇಕ್ ಇನ್ ಇಂಡಿಯಾ ಆದೇಶದಲ್ಲಿ ಪೂರೈಕೆದಾರರನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ. ಸರಕಿನ ಮೌಲ್ಯದಲ್ಲಿ ಶೇ. 50 ಅಥವಾ ಅದಕ್ಕಿಂತ ಹೆಚ್ಚು ದೇಶೀಯ ಅಂಶವಿದ್ದರೆ ಒಂದನೇ ವರ್ಗ, ಶೇ. 20ಕ್ಕಿಂತ ಹೆಚ್ಚಿದ್ದು 50ಕ್ಕಿಂತ ಕಡಿಮೆಯಿದ್ದರೆ ಎರಡನೇ ವರ್ಗ, ಉಳಿದವರು ಸ್ಥಳೀಯರಲ್ಲದವರು. ಲೆಕ್ಕ ಹಾಕುವ ಕ್ರಮ ಕಷ್ಟದ್ದೇನಲ್ಲ. ತೆರಿಗೆ ಹೊರತಾದ ಒಟ್ಟು ಮೌಲ್ಯದಿಂದ ಆಮದು ಭಾಗಗಳ ಮೌಲ್ಯವನ್ನು ಸುಂಕಸಹಿತವಾಗಿ ಕಳೆದರೆ ಉಳಿಯುವುದೇ ದೇಶೀಯ ಅಂಶ. ಒಂದು ಲಕ್ಷ ರೂಪಾಯಿ ಬೆಲೆಯ ಮೆಟಲ್ ಡಿಟೆಕ್ಟರ್ ಚೌಕಟ್ಟಿನಲ್ಲಿ ಆಮದು ಮಾಡಿದ ಎಲೆಕ್ಟ್ರಾನಿಕ್ ಫಲಕಕ್ಕೆ ಸುಂಕ ಸೇರಿ 35 ಸಾವಿರ ತಗಲಿದ್ದರೆ ದೇಶೀಯ ಅಂಶ ಶೇ. 65, ತಯಾರಕ ಒಂದನೇ ವರ್ಗಕ್ಕೆ ಸೇರುತ್ತಾನೆ. ಹತ್ತು ಸಾವಿರದ ಕ್ಯಾಮರಾದಲ್ಲಿ ಏಳು ಸಾವಿರದ ಆಮದು ಇದ್ದರೆ ಶೇ. 30, ಎರಡನೇ ವರ್ಗ.

ವ್ಯಾಪಾರಿಗಳು ಎಡವುವುದು ಇಲ್ಲಿಯೇ. ಆಮದಾದ ಕ್ಯಾಮರಾವನ್ನು ಮುಂಬಯಿಯ ಸಗಟು ವ್ಯಾಪಾರಿಯಿಂದ ರೂಪಾಯಿ ಬಿಲ್ಲಿನಲ್ಲಿ, ಜಿಎಸ್‌ಟಿ ಸಹಿತ ಕೊಂಡ ಮಾತ್ರಕ್ಕೆ ಅದು ದೇಶೀಯ ಸರಕಾಗದು. ಸಾಗಣೆ, ವಿಮೆ, ಅಳವಡಿಕೆ, ತರಬೇತಿ, ವಾರ್ಷಿಕ ನಿರ್ವಹಣೆಯ ವೆಚ್ಚಗಳನ್ನು ದೇಶೀಯ ಮೌಲ್ಯವರ್ಧನೆಯೆಂದು ತೋರಿಸಿ ಶೇಕಡಾವಾರು ಏರಿಸಿಕೊಳ್ಳುವಂತೆಯೂ ಇಲ್ಲ. 2021ರಲ್ಲಿ ಇದನ್ನು ಸ್ಪಷ್ಟೀಕರಿಸಲಾಗಿತ್ತು. 2024ರ ಜುಲೈ 19ರ ಪರಿಷ್ಕೃತ ಆದೇಶದಲ್ಲಿ ಇದು ಆದೇಶದ ಭಾಗವಾಗಿಯೇ ಸೇರಿತು. 10 ಕೋಟಿ ರೂಪಾಯಿವರೆಗೆ ತಯಾರಕನ ಸ್ವಯಂ ದೃಢೀಕರಣ ಸಾಕು. ಅದಕ್ಕೆ ಮೇಲ್ಪಟ್ಟರೆ ಲೆಕ್ಕಪರಿಶೋಧಕರ ಅಥವಾ ಕಾಸ್ಟ್ ಅಕೌಂಟೆಂಟರ ಪ್ರಮಾಣಪತ್ರ ಬೇಕು. ಸ್ವಯಂ ದೃಢೀಕರಣವೆಂದು ಹಗುರವಾಗಿ ಸಹಿ ಹಾಕುವುದು ಅಪಾಯಕರ. ಸುಳ್ಳೆಂದು ಕಂಡುಬಂದರೆ ಎರಡು ವರ್ಷಗಳವರೆಗೆ ಸರಕಾರಿ ಖರೀದಿಯಿಂದಲೇ ಹೊರಗಿಡಲು ಅವಕಾಶವಿದೆ, ಮತ್ತು ಪ್ರತಿಸ್ಪರ್ಧಿಯ ಕಣ್ಣು ಸದಾ ಆ ಕಾಗದದ ಮೇಲೆಯೇ ಇರುತ್ತದೆ.

ಆದ್ಯತೆಯೆಂದರೆ ಹೆಚ್ಚಿನ ಬೆಲೆ ಕೊಡುತ್ತಾರೆಂಬ ಭಾವನೆ ಅನೇಕರಲ್ಲಿದೆ. ಅದು ತಪ್ಪು. ನೂರು ಕ್ಯಾಮರಾಗಳ ಟೆಂಡರಿನಲ್ಲಿ ಎರಡನೇ ವರ್ಗದವನೊಬ್ಬ ತಲಾ 9,000 ರೂಪಾಯಿಗೆ ಅತಿ ಕಡಿಮೆ ದರ ನಮೂದಿಸಿದನೆಂದೂ ಒಂದನೇ ವರ್ಗದವರಲ್ಲಿ ಅತಿ ಕಡಿಮೆ ದರ 10,500 ರೂಪಾಯಿ ಎಂದೂ ಇಟ್ಟುಕೊಳ್ಳೋಣ. ಆದ್ಯತೆಯ ಅಂತರ ಶೇ. 20, ಅಂದರೆ 10,800ರವರೆಗೆ. ಆದಕಾರಣ ಒಂದನೇ ವರ್ಗದವನಿಗೆ ಕರೆ ಬರುತ್ತದೆ. 50 ಕ್ಯಾಮರಾಗಳನ್ನು ಪೂರೈಸುವ ಅವಕಾಶ ದೊರೆಯುತ್ತದೆ. ಆದರೆ 9,000 ರೂಪಾಯಿ ದರದಲ್ಲಿಯೇ. ಉಳಿದ 50 ಮೊದಲಿನವನಿಗೆ. ಇಳಿಸಿದ ದರದಲ್ಲಿ, ಅರ್ಧ ಪ್ರಮಾಣದಲ್ಲಿ ಗಿಟ್ಟುತ್ತದೆಯೇ ಎಂಬುದನ್ನು ದರ ನಮೂದಿಸುವ ಮೊದಲೇ ಯೋಚಿಸಿಟ್ಟುಕೊಳ್ಳಬೇಕು. 5 ಲಕ್ಷಕ್ಕಿಂತ ಕಡಿಮೆ ಮೊತ್ತದ ಖರೀದಿಗೆ ಈ ಆದ್ಯತೆಯೇ ಅನ್ವಯಿಸದು.

ಸಣ್ಣ ಉದ್ದಿಮೆಗಳ ನೀತಿಯಲ್ಲಿ ಅಂತರ ಶೇ. 15 ಮಾತ್ರ. ಮೇಲಿನ ಉದಾಹರಣೆಯಲ್ಲಿ ಅದರ ಮಿತಿ 10,350. 10,500 ನಮೂದಿಸಿದವನು 150 ರೂಪಾಯಿಗಳಿಂದ ಆ ಸೌಲಭ್ಯ ಕಳೆದುಕೊಳ್ಳುತ್ತಾನೆ. ಕೇಂದ್ರದ ಇಲಾಖೆಗಳೂ ಉದ್ಯಮಗಳೂ ತಮ್ಮ ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಪಡೆಯತಕ್ಕದ್ದು. ಅದರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ಉದ್ದಿಮೆದಾರರಿಗೆ ಶೇ. 4, ಮಹಿಳಾ ಉದ್ದಿಮೆದಾರರಿಗೆ ಶೇ. 3. ಮುಂಗಡ ಠೇವಣಿಯಿಂದಲೂ ವಿನಾಯಿತಿ ಇದೆ. 2021ರ ಜುಲೈಯಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ದೊರೆತಾಗ ಬಂದರಿನ ಅನೇಕ ವರ್ತಕರು ಈ ಬಾಗಿಲೂ ತೆರೆಯಿತೆಂದು ಹರ್ಷಿಸಿದ್ದುಂಟು. ಆ ನೋಂದಣಿಯ ಪ್ರಯೋಜನ ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ. ತಯಾರಿಸದೆ ಕೇವಲ ಮಾರುವವರಿಗೆ ಖರೀದಿ ಆದ್ಯತೆ ಇಲ್ಲ.

ಗಡಿ ಹಂಚಿಕೊಂಡ ದೇಶಗಳು, ಕ್ಯಾಮರಾದ ಒಡಲು

2020ರ ಜುಲೈ 23ರಂದು ಹಣಕಾಸು ನಿಯಮಾವಳಿಯ 144ನೇ ನಿಯಮಕ್ಕೆ ತಂದ ಸೇರ್ಪಡೆಯು ಭಾರತದೊಂದಿಗೆ ಭೂಗಡಿ ಹಂಚಿಕೊಂಡಿರುವ ದೇಶಗಳ ಬಿಡ್ಡುದಾರರು ಮೊದಲು ನೋಂದಣಿ ಮಾಡಿಸಿಕೊಳ್ಳಬೇಕೆಂದು ವಿಧಿಸಿತು. ಇದು ಕೇಂದ್ರಕ್ಕಷ್ಟೇ ಸೀಮಿತವಾಗಲಿಲ್ಲ. ಸಂವಿಧಾನದ 257(1)ನೇ ವಿಧಿಯನ್ನು ಉಲ್ಲೇಖಿಸಿ ರಾಜ್ಯಗಳೂ ಪಾಲಿಸುವಂತೆ ಕೇಂದ್ರವು ಪತ್ರ ಬರೆಯಿತು. ರಾಜ್ಯದ ಕಾರಾಗೃಹದ ಟೆಂಡರಿನಲ್ಲಿಯೂ ಇಂತಹ ಷರತ್ತು ಕಾಣಿಸಿಕೊಳ್ಳುವುದಕ್ಕೆ ಕಾರಣ ಇದು.

ಆದರೆ ಬಿಡ್ಡುದಾರ ಭಾರತೀಯನಾಗಿದ್ದು ಕ್ಯಾಮರಾದೊಳಗಿನ ಚಿಪ್ಪು, ತಂತ್ರಾಂಶ ಹೊರಗಿನದಾಗಿದ್ದರೆ? ಸೆರೆಮನೆಯ ಒಳಾಂಗಣದ ದೃಶ್ಯ ಯಾವ ದೇಶದ ಸರ್ವರಿಗೆ ಹರಿಯುತ್ತಿದೆಯೆಂಬ ಶಂಕೆ ನಿರಾಧಾರವೇನಲ್ಲ. ಅಮೆರಿಕವು ತನ್ನ 2019ನೇ ಸಾಲಿನ ರಕ್ಷಣಾ ಕಾಯಿದೆಯಡಿ ಹಿಕ್‌ವಿಷನ್, ದಹುವಾ ಸಂಸ್ಥೆಗಳ ಕ್ಯಾಮರಾಗಳನ್ನು ಸರಕಾರಿ ಖರೀದಿಯಿಂದ ಹೊರಗಿಟ್ಟಿತು. ಬ್ರಿಟನ್ 2022ರಲ್ಲಿ ಸೂಕ್ಷ್ಮ ಸ್ಥಳಗಳಲ್ಲಿ ಹೊಸದಾಗಿ ಅಳವಡಿಸುವುದನ್ನು ನಿಲ್ಲಿಸಿತು. ಭಾರತವು ಹೆಸರು ಹಿಡಿದು ನಿಷೇಧಿಸುವ ಬದಲು ಪರೀಕ್ಷೆಯ ಹಾದಿ ಹಿಡಿಯಿತು. ಕೇಂದ್ರ ಎಲೆಕ್ಟ್ರಾನಿಕ್ಸ್ ಸಚಿವಾಲಯವು 2024ರಲ್ಲಿ ಸಿಸಿಟಿವಿ ಕ್ಯಾಮರಾಗಳಿಗೆ ಭದ್ರತಾ ಅವಶ್ಯಕತೆಗಳನ್ನು ಗೊತ್ತುಪಡಿಸಿ, ಎಸ್‌ಟಿಕ್ಯೂಸಿ ವ್ಯವಸ್ಥೆಯ ಪರೀಕ್ಷೆಯನ್ನು ವಿಧಿಸಿತು. ಮುಂದೂಡಿಕೆಯ ಬಳಿಕ 2025ರ ಏಪ್ರಿಲ್ 9ರಿಂದ ಅದು ಜಾರಿಗೆ ಬಂತು. ಕ್ಯಾಮರಾವನ್ನು ಬಿಚ್ಚಿ ಕೈಯಾಡಿಸಲು ಸಾಧ್ಯವೇ, ಒಳಗಿನ ತಂತ್ರಾಂಶವನ್ನು ಹೊರಗಿನಿಂದ ಬದಲಿಸಬಹುದೇ, ಮಾಹಿತಿ ಗೂಢಲಿಪಿಯಲ್ಲಿ ಹೋಗುತ್ತದೆಯೇ ಎಂಬುದೆಲ್ಲ ಪರೀಕ್ಷೆಗೆ ಒಳಪಡುತ್ತದೆ. ಇದು ಸರಕಾರಿ ಖರೀದಿಗಷ್ಟೇ ಅಲ್ಲ, ಹಂಪನಕಟ್ಟೆಯ ಅಂಗಡಿಯಲ್ಲಿ ಮಾರುವ ಕ್ಯಾಮರಾಕ್ಕೂ ಸಂಬಂಧಿಸಿದ ನಿಯಮ. ಪರೀಕ್ಷೆಗೆ ತಗಲುವ ಹಣ, ಕಾಲ ಎರಡೂ ದೊಡ್ಡ ಕಂಪೆನಿಗಳಿಗೆ ಹೊರೆಯಲ್ಲ. ಬಿಡಿಭಾಗ ತರಿಸಿ ತನ್ನ ಹೆಸರಿನಲ್ಲಿ ಜೋಡಿಸುವ ಸಣ್ಣ ಉದ್ದಿಮೆದಾರನಿಗೆ ಹೊರೆಯೇ ಸರಿ. ಸ್ವದೇಶಿಗೆಂದು ಮಾಡಿದ ನಿಯಮವು ಸ್ವದೇಶದ ಸಣ್ಣವನನ್ನೇ ಮೊದಲು ತಟ್ಟುವುದು ನಮ್ಮಲ್ಲಿ ಹೊಸತೇನಲ್ಲ.

ಬ್ಯಾಗೇಜ್ ಸ್ಕ್ಯಾನರ್ ಹಾಗೂ ದೇಹ ತಪಾಸಣಾ ಸ್ಕ್ಯಾನರುಗಳಲ್ಲಿ ಎಕ್ಸ್‌ರೇ ಬಳಕೆಯಿದ್ದರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮೋದನೆಯೂ ಬೇಕು. ಸಣ್ಣ ತಯಾರಕರಿಗೆ ಆ ಕ್ಷೇತ್ರ ಸದ್ಯಕ್ಕೆ ದೂರವೆಂದೇ ಹೇಳಬೇಕು.

ಬೈಕಂಪಾಡಿಗೆ ಎಟಕುವಂಥದ್ದು

ಹಾಗಾದರೆ ಎಟಕುವುದು ಯಾವುದು? ಪೊಟ್ಟಣ ಎಸೆತ ತಡೆಯುವ ಎತ್ತರದ ಜಾಲರಿ, ಉಕ್ಕಿನ ಬಾಗಿಲು ಮತ್ತು ಸರಳುಗಳು, ಸಂದರ್ಶಕರ ಕೊಠಡಿಯ ಗಾಜಿನ ತಡೆ ಮತ್ತು ಇಂಟರ್‌ಕಾಂ, ಸಿಬ್ಬಂದಿಯ ಮೊಬೈಲ್ ಇರಿಸುವ ಲಾಕರುಗಳು, ತಪಾಸಣಾ ಮೇಜುಗಳು, ಡಿಟೆಕ್ಟರಿನ ಚೌಕಟ್ಟು. ಇವುಗಳಲ್ಲಿ ಆಮದು ಅಂಶ ನಾಮಮಾತ್ರ. ಒಂದನೇ ವರ್ಗದ ಅರ್ಹತೆ ತಾನಾಗಿಯೇ ಬರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಉಕ್ಕು ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂಬುದನ್ನು ದೂರದ ಪೂರೈಕೆದಾರನಿಗಿಂತ ಇಲ್ಲಿಯವರು ಚೆನ್ನಾಗಿ ಬಲ್ಲರು. ತೊಂದರೆಯೆಂದರೆ, ಕಟ್ಟಡ ಕಾಮಗಾರಿಯೊಡನೆ ಇವನ್ನೂ ಸೇರಿಸಿ ಒಂದೇ ದೊಡ್ಡ ಟೆಂಡರು ಕರೆದರೆ ಸಣ್ಣವನು ನೇರವಾಗಿ ಭಾಗವಹಿಸಲಾರ, ಉಪಗುತ್ತಿಗೆಯ ದರಕ್ಕೆ ಒಪ್ಪಬೇಕಾಗುತ್ತದೆ. ಬಿಡಿಬಿಡಿಯಾಗಿ ಟೆಂಡರು ಕರೆದರೆ ಲೆಕ್ಕಪರಿಶೋಧನೆಯಲ್ಲಿ ಕಾಮಗಾರಿ ಒಡೆದರೆಂಬ ಆಕ್ಷೇಪ ಬರುತ್ತದೆಂದು ಅಧಿಕಾರಿಗಳು ಅಂಜುವರು. ಅವರ ಅಂಜಿಕೆಯಲ್ಲಿಯೂ ಹುರುಳಿಲ್ಲದೆ ಇಲ್ಲ.

ಕೇಂದ್ರದ ಆದೇಶದಲ್ಲಿ ಇನ್ನೊಂದು ಉಪಯುಕ್ತ ಅಂಶವಿದೆ. ವಿದೇಶಕ್ಕೆ ಪೂರೈಸಿದ ಅನುಭವ, ಅನಗತ್ಯ ವಿದೇಶಿ ಪ್ರಮಾಣಪತ್ರ, ನಿರ್ದಿಷ್ಟ ಬ್ರಾಂಡು ಮುಂತಾದ ಷರತ್ತುಗಳ ಮೂಲಕ ದೇಶೀಯ ಪೂರೈಕೆದಾರರನ್ನು ಹೊರಗಿಡಬಾರದೆಂದು ಅದು ಹೇಳುತ್ತದೆ. ರಾಜ್ಯದ ಹಣದ ಟೆಂಡರಿಗೆ ಇದು ಅನ್ವಯಿಸದಿದ್ದರೂ, ಟೆಂಡರು ದಸ್ತಾವೇಜಿನ ಕುರಿತು ಸ್ಪಷ್ಟೀಕರಣ ಕೋರಲು ಕೆಟಿಪಿಪಿ ನಿಯಮಗಳಲ್ಲಿಯೂ ಅವಕಾಶವಿದೆ. ಆ ಅವಧಿಯೊಳಗೆ ಲಿಖಿತವಾಗಿ ಪ್ರಶ್ನಿಸಬೇಕು. ಟೆಂಡರು ಅಂಗೀಕಾರದ ಆದೇಶದಿಂದ ಬಾಧಿತನಾದವನು 16ನೇ ಪ್ರಕರಣದಡಿ, ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ದರಪಟ್ಟಿ ತೆರೆದ ಮೇಲೆ ಷರತ್ತು ಸರಿಯಿಲ್ಲವೆಂದು ಹೇಳುವವನ ಮಾತಿಗೆ ಬೆಲೆ ಕಡಿಮೆ.

ಹಣ ಬರುವ ವಿಚಾರವನ್ನೂ ಮರೆಯುವಂತಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಧಿನಿಯಮದ 15ನೇ ಪ್ರಕರಣದಂತೆ ಸರಕು ಸ್ವೀಕರಿಸಿದ 45 ದಿನಗಳೊಳಗೆ ಪಾವತಿಯಾಗತಕ್ಕದ್ದು. ತಪ್ಪಿದರೆ 16ನೇ ಪ್ರಕರಣದಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ಮಾಸಿಕ ಗಣನೆಯಲ್ಲಿ. ಸರಕಾರಿ ಇಲಾಖೆಯ ಮೇಲೆಯೂ ಈ ಹಕ್ಕು ಇದೆ. ಮುಂದಿನ ಟೆಂಡರು ಕೈತಪ್ಪೀತೆಂಬ ಭಯದಿಂದ ಸೌಲಭ್ಯ ಮಂಡಳಿಯ ಮೆಟ್ಟಿಲೇರುವವರು ವಿರಳ. ಆದರೆ ಸರಕು ಪೂರೈಸುವ ದಿನಕ್ಕೆ ಉದ್ಯಮ್ ನೋಂದಣಿ ಇಲ್ಲದಿದ್ದವನಿಗೆ ಆ ಮೆಟ್ಟಿಲೂ ಇಲ್ಲ. ಬಾಕಿ ಬಿದ್ದ ಮೇಲೆ ಮಾಡಿಸಿದ ನೋಂದಣಿ ಹಿಂದಿನ ಪೂರೈಕೆಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದ್ದುಂಟು.

ಕುತ್ತೆತ್ತೂರಿನ ಎಂಆರ್‌ಪಿಎಲ್, ಪಣಂಬೂರಿನ ನವಮಂಗಳೂರು ಬಂದರು ಪ್ರಾಧಿಕಾರಗಳ ಖರೀದಿ ಕೇಂದ್ರದ ಆದೇಶದಡಿ ನೇರವಾಗಿ ಬರುತ್ತದೆ. ಅಲ್ಲಿಗೆ ಬೇಲಿ, ಗೇಟು, ತಪಾಸಣಾ ಚೌಕಟ್ಟು ಪೂರೈಸಿ ಪಡೆದ ಅನುಭವ ಪ್ರಮಾಣಪತ್ರವು ಮುಂದೆ ಮುಡಿಪಿನ ಟೆಂಡರು ಬಂದಾಗ ಪೂರ್ವಾರ್ಹತೆಯ ಲಕೋಟೆಯಲ್ಲಿ ಇಡಲು ಒದಗುವ ಕಾಗದ. ಸ್ವಯಂ ದೃಢೀಕರಣಕ್ಕೆ ಆಧಾರವಾದ ಖರೀದಿ ಬಿಲ್ಲುಗಳು, ಆಮದು ಭಾಗಗಳ ಬಿಲ್ ಆಫ್ ಎಂಟ್ರಿ ಪ್ರತಿಗಳು ಅದರ ಜೊತೆಗೇ ಇರತಕ್ಕದ್ದು.